ಇಷ್ಟ ಇದ್ದವರಷ್ಟೇ ತೆರಿಗೆ ಕೊಡಲಿ ಅನ್ನೋರಿಗೆ

ಬೆಂಗಳೂರಿನ ನನ್ನ ಗೆಳೆಯನೊಬ್ಬ ಪ್ರತಿ ಮಾರ್ಚ್‌ನಲ್ಲೂ ಅದೇ ಭಾಷಣ ಮಾಡ್ತಾನೆ. "ಸಂಬಳ ಕೈಗೆ ಬರೋ ಮೊದಲೇ ಕತ್ತರಿ ಹಾಕೋಕೆ ಸರ್ಕಾರ ಯಾರಪ್ಪಾ? ಬಿಟ್‌ಕಾಯಿನ್ ಥರದ ದುಡ್ಡು ಬರಲಿ. ಯಾವ ಕೆಲಸ ಆಗಬೇಕೋ ಅದಕ್ಕೆ ನಾವೇ ನೇರವಾಗಿ ಕಳಿಸ್ತೀವಿ." 2022ರಿಂದ ಕ್ರಿಪ್ಟೊ ಲಾಭಕ್ಕೂ ಶೇ 30 ತೆರಿಗೆ ಬಿದ್ದ ಮೇಲಂತೂ ಅವನ ಸಿಟ್ಟು ನೆತ್ತಿಗೇರಿದೆ.

ಅವನನ್ನ ಒಮ್ಮೆ ಗೋಗಿಗೆ ಕರ್ಕೊಂಡು ಹೋಗಬೇಕು. ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನ ಊರು. ಅಲ್ಲಿನ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ ಬಿಜಾಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾನ ಸಮಾಧಿ ಇದೆ. ಕಂದಾಯ ವಸೂಲಿ ಮಾಡಿದ ದೊರೆ, ಯಾರಿಗೂ ಕಂದಾಯ ಹಾಕದ ಸಂತನ ಪಕ್ಕ ಮಲಗಿದ್ದಾನೆ. "ನೋಡು, ಮನಸಾರೆ ಕೊಟ್ಟಿದ್ದೇ ಗೆದ್ದಿದ್ದು!" ಅಂತ ಗೆಳೆಯ ಕುಣಿದಾಡೋದು ಗ್ಯಾರಂಟಿ.

ಒಪ್ಪೋಣ. ಆ ಕಡೆ ಊರುಗಳಲ್ಲಿ ಜಾತ್ರೆಗೆ, ಉರುಸಿಗೆ, ಗುಡಿ ಕಟ್ಟೋಕೆ ಪಟ್ಟಿ ಎತ್ತುತ್ತಾರೆ. ಈಗ ರಸೀದಿ ಪುಸ್ತಕದ ಜೊತೆ ಕ್ಯೂಆರ್ ಕೋಡೂ ಬರುತ್ತೆ. ಜನ ಕೊಡ್ತಾರೆ, ಕೆಲಸಾನೂ ಆಗುತ್ತೆ.

ಆದರೆ ಅದೇ ಗೋಗಿಯ ನೆಲದಡಿ ಯುರೇನಿಯಂ ಇದೆ. ಕುಡಿಯೋ ನೀರಿಗೆ ಅದು ಸೇರಿದರೆ ಗತಿಯೇನು ಅನ್ನೋದು ಊರವರ ಆತಂಕ. ವರ್ಷ ವರ್ಷ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸೋಕೆ ಯಾರು ಪಟ್ಟಿ ಎತ್ತುತ್ತಾರೆ? ಕಮಾನಿನ ಮೇಲೆ ದಾನಿಯ ಹೆಸರು ಕೆತ್ತಬಹುದು, ಲ್ಯಾಬ್ ರಿಪೋರ್ಟಿನ ಮೇಲೆ ಕೆತ್ತೋಕಾಗುತ್ತಾ?

ಇನ್ನು ಬಿಟ್‌ಕಾಯಿನ್. ಒಟ್ಟು 2.1 ಕೋಟಿಗಿಂತ ಹೆಚ್ಚು ನಾಣ್ಯ ಬರೋ ಹಾಗೇ ಇಲ್ಲ. ಮೊದಲೇ ಕೊಂಡಿಟ್ಟವನೇ ಧಣಿ. ತೆರಿಗೆ ಅವನ ಇಷ್ಟಕ್ಕೆ ಬಿಟ್ಟರೆ, ಊರಿಗೆ ಏನು ಬೇಕು ಅಂತ ನಿರ್ಧರಿಸೋದು ನಮ್ಮ ಓಟಲ್ಲ, ಅವನ ವ್ಯಾಲೆಟ್.

"ತೆರಿಗೆ ಕಟ್ಟೋದು ನಾವಷ್ಟೇ" ಅನ್ನೋದೂ ಸುಳ್ಳು. ಶಹಾಪುರ, ಸುರಪುರದಿಂದ ಬಂದು ನಿಮ್ಮ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತವನು ಮೊಬೈಲ್ ರೀಚಾರ್ಜ್ ಮಾಡಿಸಿದಾಗೆಲ್ಲ ಶೇ 18 ಜಿಎಸ್‌ಟಿ ಕೊಡ್ತಾನೆ. ಅವನ ಇಷ್ಟ ಯಾರು ಕೇಳಿದ್ರು?

ಹಾಗಂತ ಸರ್ಕಾರಕ್ಕೆ ಜೈ ಅನ್ನೋಕೆ ಬಂದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ 'ಕ್ಯಾಶ್ ಮಾತ್ರ' ಬೋರ್ಡು ಬಂತು. ತರಕಾರಿ ಅಂಗಡಿಗೆ ಬಂದ ಪ್ರತಿ ರೂಪಾಯಿ ಸರ್ಕಾರಕ್ಕೆ ಕಾಣುತ್ತೆ. ಸರ್ಕಾರದಿಂದ ಹೋದ ಪ್ರತಿ ರೂಪಾಯಿ ಆ ತರಕಾರಿಯವಳಿಗೆ ಕಾಣುತ್ತಾ? ಜಗಳ ಆಡಬೇಕಾದ್ದು ಇದಕ್ಕೆ.

ಪಟ್ಟಿಗೆ ಜನ ಯಾಕೆ ಕೊಡ್ತಾರೆ? ದೈವದ ಮೇಲಿನ ಭಕ್ತಿ ಒಂದು. ಜಾತ್ರೆ ಮುಗಿದ ಮೇಲೆ ಹತ್ತು ಮಂದಿ ಮುಂದೆ ಲೆಕ್ಕ ಕೇಳಬಹುದು ಅನ್ನೋ ಧೈರ್ಯ ಇನ್ನೊಂದು. ನಾವು ಸರ್ಕಾರದಿಂದ ಕಿತ್ತುಕೊಳ್ಳಬೇಕಾದ್ದು ಈ ಎರಡನೆಯದನ್ನ.

ಗೆಳೆಯಾ, ಮುಂದಿನ ಮಾರ್ಚ್‌ನಲ್ಲಿ ಭಾಷಣ ಬೇಡ. ಹತ್ತು ರೂಪಾಯಿ ಶುಲ್ಕ ಕಟ್ಟಿ ನಿನ್ನ ವಾರ್ಡಿನ ರಸ್ತೆ ಲೆಕ್ಕಕ್ಕೆ ಒಂದು ಆರ್‌ಟಿಐ ಅರ್ಜಿ ಹಾಕು. ಯಾರೂ ಬಲವಂತ ಮಾಡಲ್ಲ. ಅದು ಪೂರ್ತಿ ನಿನ್ನ ಇಷ್ಟ.