ನೆರೆಮನೆಯ ಕಥೆ, ಪರದೇಶದ ಹಣ

ಆಸ್ಟ್ರೇಲಿಯದ ‘ನೇಬರ್ಸ್’ ಧಾರಾವಾಹಿ 1985ರಲ್ಲಿ ಆರಂಭವಾಯಿತು. ಮೆಲ್ಬರ್ನ್ ಹೊರವಲಯದ ಒಂದು ಬೀದಿ, ಮನೆಮನೆಯ ಕಲಹ, ಕೈಗೂಡದ ಆಕಾಂಕ್ಷೆ: ಇಷ್ಟೇ ಅದರ ಬಂಡವಾಳ. ಮೊದಲ ವಾಹಿನಿ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. 1986ರಲ್ಲಿ ಮತ್ತೊಂದು ಕೈಹಿಡಿಯಿತು. ಅದೇ ವರ್ಷ ಬಿಬಿಸಿಯಲ್ಲಿ ಪ್ರಸಾರವಾಗತೊಡಗಿ ಬ್ರಿಟನ್ನಿನಲ್ಲಿ ಮನೆಮಾತಾಯಿತು. ತವರಿನಲ್ಲಿ ಮಾತ್ರ ವೀಕ್ಷಕರು ಕುಗ್ಗಿ, 2011ರಲ್ಲಿ ಉಪವಾಹಿನಿಗೆ ಸರಿಯಿತು. ಕ್ರಮೇಣ ಅದರ ಆಯುಷ್ಯ ಬ್ರಿಟಿಷ್ ಹಣಕ್ಕೆ ಜೋತುಬಿದ್ದಿತು. 2022ರಲ್ಲಿ ಆ ಹಣ ನಿಂತೊಡನೆ ಧಾರಾವಾಹಿಯೂ ನಿಂತಿತು. 2023ರಲ್ಲಿ ಅಮೆಜಾನ್ ನೆರವಿನಿಂದ ಮರುಜೀವ ಪಡೆದು, 2025ರಲ್ಲಿ ಮತ್ತೆ ಮುಗಿಯಿತು.

ಇಲ್ಲಿನ ಅರ್ಥಶಾಸ್ತ್ರ ಸರಳ. ಅಭಿಮಾನವೊಂದೇ ಕಥೆಯನ್ನು ಉಳಿಸದು. ವೆಚ್ಚ ಭರಿಸುವವರೂ ಬೇಕು. ತನ್ನ ನೆರೆಹೊರೆಯ ಕಥೆಯ ಖರ್ಚನ್ನು ಪರರಿಗೆ ಬಿಟ್ಟ ಸಮಾಜ, ಆ ಕಥೆ ಎಂದು ಮುಗಿಯಬೇಕೆಂಬ ನಿರ್ಧಾರವನ್ನೂ ಅವರಿಗೇ ಒಪ್ಪಿಸಿದಂತೆ.