ನಕಲಿನಲ್ಲಾದ ತಪ್ಪು

ಸರಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಕಡತ ಹೊತ್ತ ನಮಗೆ ಒಂದು ಚಟ ಅಂಟಿಬಿಟ್ಟಿದೆ. ಯಾವ ಕಾಗದ ಕೈಗೆ ಬಂದರೂ ಮೊದಲು ಪುಟ ಎಣಿಸುತ್ತೇವೆ. ಮನೆಯವರು ಇದಕ್ಕಾಗಿ ನಗುವುದುಂಟು. ಆದರೆ ಈ ಚಟದಿಂದಲೇ ಒಂದು ಮನೆಯಲ್ಲಿ ಮುಚ್ಚಿಟ್ಟಿದ್ದ ಕಾಗದವೊಂದು ಹೊರಬಂತು. ಆ ಸಂಗತಿಯನ್ನೇ ಈ ಸಲ ವಾಚಕರ ಮುಂದಿಡುತ್ತೇವೆ. ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಹೆಸರು ಮಾತ್ರ ಬೇಡವೆಂದರು.

ನಾಶಿಕದಲ್ಲಿ ನಮ್ಮ ನೆರೆಮನೆಯ ಮಿತ್ರರು ಗದಗಿನ ಕಡೆಯವರು. ಅವರ ಅಣ್ಣ ಛತ್ರಪತಿ ಸಂಭಾಜಿನಗರದಲ್ಲಿ (ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಔರಂಗಾಬಾದು) ವಾಳೂಜದ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ವಯಸ್ಸು ನಲವತ್ತಾರು. ಕಳೆದ ಮಳೆಗಾಲದಲ್ಲಿ ಅವರಿಗೆ ಸುಸ್ತು ಹತ್ತಿತು. ಬಿಟ್ಟು ಬಿಟ್ಟು ಜ್ವರ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಎಲ್ಲಿ ತಾಗಿತೋ ತಿಳಿಯದಂತೆ ಕಾಲಿನ ಮೇಲೆ ನೀಲಿ ಕಲೆಗಳು. ಪಾಳಿ ಕೆಲಸದ ದಣಿವೆಂದು ಒಂದು ತಿಂಗಳು ನೂಕಿದರು. ರಕ್ತ ಪರೀಕ್ಷೆಯಾದ ಮೇಲೆ ತಿಳಿಯಿತು, ಅದು ತೀವ್ರ ರಕ್ತಕ್ಯಾನ್ಸರು. ವೈದ್ಯರ ಮಾತಿನಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ.

ಒಂದು ಶನಿವಾರ ಮಿತ್ರರ ಜೊತೆಗೆ ನಾವೂ ನಾಶಿಕ ರೋಡಿನಲ್ಲಿ ರೈಲು ಹತ್ತಿ ಮನಮಾಡ ಮಾರ್ಗವಾಗಿ ಹೋದೆವು. ರೋಗಿ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ವೈನಿ ಚಹ ಕೊಟ್ಟು ಆಸ್ಪತ್ರೆಯ ಕಡತವನ್ನು ಮುಂದಿಟ್ಟರು. ಮಜ್ಜೆ ಪರೀಕ್ಷೆಯ ವರದಿಯಲ್ಲಿ ಒಟ್ಟು ಮೂರು ಪುಟವೆಂದು ಅಚ್ಚಾಗಿತ್ತು. ಇದ್ದದ್ದು ಎರಡೇ.

"ವೈನಿ, ಮೂರನೇ ಪುಟ ಎಲ್ಲದ?" ಎಂದೆವು.

ವೈನಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ, ಅಕ್ಕಿ ಡಬ್ಬಿಯ ಕೆಳಗಿನಿಂದ ಕಾಗದ ತೆಗೆದು ತಂದರು.

"ಜೆನೆಟಿಕ್ ಅಂತ ಬರದಾರ, ಅಣ್ಣಾರ. ಮುಂದಿನ ತಿಂಗಳ ಹುಬ್ಬಳ್ಳಿಯವರು ಹುಡುಗೀನ್ನ ನೋಡಲಿಕ್ಕೆ ಬರೋರಿದ್ದಾರ. ಈ ಮನೆತನದ ರಕ್ತಾನ ಕೆಟ್ಟದ ಅಂದ್ರ ನಾ ಏನ ಹೇಳಲಿ?"

ಆ ಪುಟದಲ್ಲಿ ಇನ್ನೊಂದು ಸಾಲೂ ಇತ್ತು. ರೋಗಿಯ ಒಡಹುಟ್ಟಿದವರ ರಕ್ತವನ್ನು ಬೇಗ ಪರೀಕ್ಷೆಗೆ ಕೊಡಬೇಕೆಂದು ವೈದ್ಯರು ಕೈಬರಹದಲ್ಲಿ ಬರೆದಿದ್ದರು. ಬರೆದು ಹನ್ನೆರಡು ದಿನಗಳಾಗಿದ್ದವು. ನಮ್ಮ ಜೊತೆಯಲ್ಲೇ ಕೂತಿದ್ದ ಒಡಹುಟ್ಟಿದ ತಮ್ಮನಿಗೆ ಈ ಮಾತು ಗೊತ್ತೇ ಇರಲಿಲ್ಲ.

ವೈನಿಯವರನ್ನು ದೂರಲು ನಮಗೆ ಮನಸ್ಸು ಬರಲಿಲ್ಲ. ಪರಊರಿನಲ್ಲಿ ಹೆಣ್ಣುಮಗಳನ್ನು ಬೆಳೆಸಿ, ಸ್ವಂತ ನಾಡಿನಲ್ಲಿ ಸಂಬಂಧ ಹುಡುಕುವವರ ಅಂಜಿಕೆ ನಮ್ಮಲ್ಲಿ ಯಾರಿಗೆ ತಿಳಿಯದು? ಆದರೆ ಆ ಅಂಜಿಕೆಗೆ ಕಾರಣವಾದ ತಿಳುವಳಿಕೆಯೇ ತಪ್ಪಾಗಿತ್ತು.

ನಮ್ಮ ಬುದ್ಧಿಗೆ ನಿಲುಕಿದಷ್ಟನ್ನು ಕಚೇರಿಯ ಮಾತಿನಲ್ಲೇ ಹೇಳಿದೆವು. ಮನುಷ್ಯನ ಜೀವಕೋಶದಲ್ಲಿ ವರ್ಣತಂತುಗಳೆಂಬ 46 ಕಡತಗಳಿವೆ, 23 ಜೋಡಿ. ತಂದೆತಾಯಿಯಿಂದ ಬಂದದ್ದು ಮೂಲಪ್ರತಿ. ಎಲುಬಿನೊಳಗಿನ ಮಜ್ಜೆ ಹೊಸ ರಕ್ತಕ್ಕಾಗಿ ಹಗಲಿರುಳೂ ಅದರ ನಕಲು ತೆಗೆಯುತ್ತಿರುತ್ತದೆ. ನಲವತ್ತೈವತ್ತು ವರ್ಷ ಎಡೆಬಿಡದೆ ನಕಲು ತೆಗೆದ ಮೇಲೆ ಒಂದು ದಿನ ಒಂದು ಕೋಶದಲ್ಲಿ ತಪ್ಪು ಬೀಳುತ್ತದೆ. ಅಂಥ ತಪ್ಪುಗಳು ಕೂಡಿಕೊಂಡಾಗ ಆ ಕೋಶ ಬಲಿಯದೆ ಬರಿದೇ ಹೆಚ್ಚುತ್ತ ಹೋಗಿ ಮಜ್ಜೆಯನ್ನೆಲ್ಲ ತುಂಬುತ್ತದೆ. ತಪ್ಪು ಇರುವುದು ಆ ನಕಲಿನ ಸಾಲಿನಲ್ಲಿ. ಮಗಳಿಗೆ ಹೋದದ್ದು ಮೂಲಪ್ರತಿ, ಅದೂ ಇಪ್ಪತ್ತು ವರ್ಷಗಳ ಹಿಂದೆಯೇ! ಕೆಲವೇ ಕೆಲವು ಮನೆತನಗಳಲ್ಲಿ ಇದರ ಒಲವು ವಂಶದಿಂದ ಬರುವುದುಂಟು. ಅದನ್ನು ವೈದ್ಯರು ಬೇರೆಯಾಗಿ ವಿಚಾರಿಸುತ್ತಾರೆ. ಇವರಲ್ಲಿ ಅಂಥ ಗುರುತು ಕಾಣಲಿಲ್ಲವೆಂದು ಮರುದಿನ ಅವರೇ ಹೇಳಿದರು.

ಹಾಗಾದರೆ ಈ ಪರೀಕ್ಷೆ ಏತಕ್ಕೆ? ತಪ್ಪು ಯಾವ ಬಗೆಯದೆಂಬುದರ ಮೇಲೆ ಔಷಧದ ದಾರಿ ನಿಲ್ಲುತ್ತದೆ. 8 ಮತ್ತು 21ನೆಯ ಕಡತಗಳ ತುಣುಕುಗಳು ಅದಲುಬದಲಾಗುವುದನ್ನು ಶಿಕಾಗೋದ ಜಾನೆಟ್ ರೌಲಿ ಎಂಬ ವೈದ್ಯೆ 1972ರಲ್ಲಿ ಕಂಡುಹಿಡಿದರು. ವರ್ಣತಂತುಗಳ ಚಿತ್ರಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತ ಕೂತಿರುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡುತ್ತಾಳೆಂದು ಮಕ್ಕಳಿಗೆ ತಮಾಷೆ. ಈ ಅದಲುಬದಲು, ಮತ್ತು 16ನೆಯದರಲ್ಲಿ ಒಂದು ತುಂಡು ತಿರುವುಮುರುವಾಗುವುದು, ಇವು ಔಷಧಕ್ಕೆ ಚೆನ್ನಾಗಿ ಬಗ್ಗುವಂಥವು. 7ನೆಯ ಜೋಡಿಯಲ್ಲಿ ಒಂದು ಪ್ರತಿಯೇ ಕಾಣೆಯಾಗುವುದು, ಅಥವಾ ಹಲವು ಕಡತಗಳು ಒಟ್ಟಿಗೆ ಗೋಜಲಾಗುವುದು ಹಟಮಾರಿ ಜಾತಿ. ಬ್ರಿಟನ್ನಿನಲ್ಲಿ ಮಕ್ಕಳೂ 55ರವರೆಗಿನ ವಯಸ್ಕರೂ ಸೇರಿ 1,612 ರೋಗಿಗಳನ್ನು ನೋಡಿ 1998ರಲ್ಲಿ ಲೆಕ್ಕ ಪ್ರಕಟಿಸಿದರು. ಐದು ವರ್ಷ ಬದುಕಿದವರು ಒಳ್ಳೆಯ ಗುಂಪಿನಲ್ಲಿ ಶೇಕಡಾ 65, ನಡುವಿನದರಲ್ಲಿ 41, ಕಠಿಣ ಗುಂಪಿನಲ್ಲಿ 14. ಇದು ಹಳೆಯ ಔಷಧಗಳ ಕಾಲದ ಲೆಕ್ಕ. ಆಮೇಲೆ ಎಫ್‌ಎಲ್‌ಟಿ3 ಎಂಬ ದೋಷಕ್ಕೆ ಗುರಿಯಿಟ್ಟ ಮಾತ್ರೆಗಳು 2017ರಿಂದ ಬಳಕೆಗೆ ಬಂದವು. ವಯಸ್ಸಾದವರಿಗೆ ವೆನೆಟೋಕ್ಲಾಕ್ಸ್ ಬಂತು.

ಎಲ್ಲಕ್ಕಿಂತ ಸೋಜಿಗ 15 ಮತ್ತು 17ರ ಅದಲುಬದಲಿನದು. ಮೊದಲ ದಿನಗಳಲ್ಲೇ ರಕ್ತಸ್ರಾವದಿಂದ ಕೊಲ್ಲುವ ಈ ಬಗೆಗೆ ಚೀನದ ವೈದ್ಯರು ಎ ಜೀವಸತ್ವದ ಒಂದು ರೂಪವನ್ನೂ ಪಾಷಾಣವನ್ನೂ ಮದ್ದಾಗಿ ತೋರಿಸಿದರು. ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 72 ರೋಗಿಗಳಿಗೆ ಪಾಷಾಣವೊಂದರಿಂದಲೇ ಚಿಕಿತ್ಸೆ ಕೊಟ್ಟು, ಶೇಕಡಾ 86 ಮಂದಿಯಲ್ಲಿ ರೋಗ ಪೂರ್ತಿ ಇಳಿಯಿತೆಂದು 2006ರಲ್ಲಿ ಜಗತ್ತಿಗೆ ತಿಳಿಸಿದರು. ಪಾಷಾಣವೆಂದ ಕೂಡಲೇ ವಾಚಕರು ಯಾರದೋ ಪುಡಿಯನ್ನು ಹುಡುಕಿ ಹೋಗಬಾರದು. ಇದು ಆಸ್ಪತ್ರೆಯಲ್ಲಿ ಅಳೆದು ನರಕ್ಕೆ ಕೊಡುವ ಮದ್ದು.

ನಮ್ಮ ಮಿತ್ರರ ಅಣ್ಣನದು 7ನೆಯ ಕಡತ ಕಳೆದ ಬಗೆ. ಏಳು ದಿನ ಸೈಟರಾಬಿನ್, ಅದರಲ್ಲಿ ಮೂರು ದಿನ ಡಾನೊರುಬಿಸಿನ್, ಹೀಗೆ ಮೊದಲ ಸುತ್ತು ಮುಗಿಯಿತು. ರೋಗ ಇಳಿದರೂ ಇದು ಮರಳುವ ಜಾತಿ. ಇಳಿದಿರುವಾಗಲೇ ಬೇರೆಯವರ ಮಜ್ಜೆ ಕಸಿ ಮಾಡುವುದು ಮೇಲು. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದಲೇ ಆ ಹನ್ನೆರಡು ದಿನಗಳ ಚಿಂತೆ ನಮಗೆ.

ಮಿತ್ರರು ಸೋಮವಾರವೇ ರಕ್ತ ಕೊಟ್ಟರು. ಹೊಂದಲಿಲ್ಲ. ಆ ಸಂಜೆ ಅವರು ನಮ್ಮ ಮನೆಗೆ ಬಂದು ಒಂದು ತಾಸು ಸುಮ್ಮನೆ ಕೂತು ಎದ್ದುಹೋದರು. ಗದಗಿನಲ್ಲಿ ತಂಗಿಯಿದ್ದರು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಸೊಂಟ ಬಿದ್ದುಹೋಗುತ್ತದೆ ಎಂದು ಅವರ ಅತ್ತೆಗೆ ಭಯ. ನಾವೇ ಫೋನಿನಲ್ಲಿ ಹೇಳಿದೆವು: "ಬೆನ್ನುಹುರಿ ಮುಟ್ಟೋದಿಲ್ರೀ ಅತ್ತ್ಯಾರ. ನಾಕೈದು ದಿನ ಇಂಜಕ್ಷನ್ ಕೊಟ್ಟು, ತೋಳಿನಿಂದ ರಕ್ತ ತಗೊಂಡು, ಯಂತ್ರದಾಗ ಬೇಕಾದಷ್ಟು ಸೋಸಿ ತಿರುಗಿ ಕೊಡ್ತಾರ." ತಂಗಿ ಬಂದರು. ಹೊಂದಿತು.

1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಮ್ಮ ದೇಶದ ಮೊದಲ ಮಜ್ಜೆ ಕಸಿಯಾದದ್ದೂ ಇದೇ ರೋಗದ ಬಾಲಕಿಯೊಬ್ಬಳಿಗೆ. ಈಗ ಅಣ್ಣನವರ ರೋಗ ಇಳಿದಿದೆ. ಮುಂಬಯಿಯಲ್ಲಿ ಸರದಿಗಾಗಿ ಕಾಯುತ್ತಿದ್ದಾರೆ. "ನನ್ನದು ಯಾವ ಗುಂಪು?" ಎಂದು ಅವರು ನಮ್ಮನ್ನು ಕೇಳಿದಾಗ ನಾವು ಉತ್ತರಿಸದೆ ವೈದ್ಯರನ್ನು ಕೇಳಿ ಎಂದೆವು. ಕೇಳಿದರು, ವೈದ್ಯರು ಇದ್ದದ್ದನ್ನು ಹೇಳಿದರು. "ಗೊತ್ತಾದದ್ದು ಛಲೋ ಆತು" ಎಂದಷ್ಟೇ ಅಂದು ಮಗ್ಗುಲಾದರು.

ವಾಚಕರಿಗೆ ಎರಡು ಮಾತು. ಸಂಭಾಜಿನಗರದಲ್ಲಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಸರಕಾರಿ ಕ್ಯಾನ್ಸರ್ ಆಸ್ಪತ್ರೆ 2012ರಿಂದ ಇದೆ. ಖರ್ಚಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯುಂಟು. ಆದರೆ ಕಾಗದಪತ್ರ ಮಹಾರಾಷ್ಟ್ರದ್ದು ಬೇಕು. ಊರಿನ ಮೇಲಿನ ಮೋಹಕ್ಕೆ ರೇಶನ್ ಕಾರ್ಡನ್ನು ಇನ್ನೂ ಅಲ್ಲಿಯೇ ಇಟ್ಟವರು ಈ ವಾರವೇ ವಿಚಾರ ಮಾಡಲಿ.

ಹುಬ್ಬಳ್ಳಿಯವರಿಗೆ ವೈನಿ ತಾವೇ ಫೋನು ಮಾಡಿ, ಮೂರೂ ಪುಟಗಳಲ್ಲಿದ್ದದ್ದನ್ನು ಹೇಳಿದರು. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ವೈನಿ ಈಗ ಆಸ್ಪತ್ರೆಯ ಕಡತವನ್ನು ಟಿವಿಯ ಪಕ್ಕದಲ್ಲಿ, ಬಂದವರಿಗೆ ಕಾಣುವಂತೆ ಇಟ್ಟಿದ್ದಾರೆ. ನಾವು ಹೋದಾಗ ಪುಟ ಎಣಿಸಿದೆವು. ಎಲ್ಲವೂ ಇವೆ.