ಪಾಲುಗಾರರೋ, ಬಿಟ್ಟಿಯಾಳುಗಳೋ?

ನಮ್ಮ ಆರೋಗ್ಯ ಖಾತೆಯವರ ಬಾಯಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ನಲಿದಾಡುತ್ತಿದೆ. ಅದು 'ಸಮುದಾಯದ ಸಹಭಾಗಿತ್ವ' ಎಂಬ ಮಾತು. ಸುತ್ತೋಲೆಯಲ್ಲಿ ಅದೇ, ಸಭೆಯ ಭಾಷಣದಲ್ಲಿ ಅದೇ, ದವಾಖಾನೆಯ ಗೋಡೆಯ ಮೇಲೂ ಅದೇ. ಹಳ್ಳಿಯ ಜನರು ಸರಕಾರದ ಪಾಲುಗಾರರಂತೆ! ಮಾತು ಸವಿಯಾದುದು, ನಾವೂ ಅದನ್ನು ಸ್ವಾಗತಿಸುತ್ತೇವೆ. ಆದರೆ ಸವಿಮಾತಿಗೆ ತಲೆದೂಗಿ ಸುಮ್ಮನೆ ಮನೆಗೆ ಹೋಗುವವರು ನಾವಲ್ಲ. ನಮ್ಮನ್ನು ಪಾಲುಗಾರರೆಂದು ಕರೆದವರು ಪಾಲನ್ನು ಕೊಟ್ಟಿರುವರೇ ಎಂದು ಕೇಳುವುದು ನಮ್ಮ ಹಕ್ಕು, ಕರ್ತವ್ಯವೂ ಹೌದು.

ಪಾಲುಗಾರಿಕೆಯೆಂದರೇನೆಂಬುದನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. 1932ರ ಪಾಲುಗಾರಿಕೆಯ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಲಾಭವನ್ನು ಹಂಚಿಕೊಳ್ಳಲು ಒಡಂಬಟ್ಟವರೇ ಪಾಲುಗಾರರೆಂದು ಅದರ 4ನೆಯ ಕಲಮು ಹೇಳುತ್ತದೆ. ಅವರು ಒಬ್ಬರಿಗೊಬ್ಬರು ನಿಜವಾದ ಲೆಕ್ಕವನ್ನೂ ಪೂರ್ಣ ತಿಳಿವಳಿಕೆಯನ್ನೂ ಒಪ್ಪಿಸಬೇಕೆಂದು 9ನೆಯ ಕಲಮು ವಿಧಿಸುತ್ತದೆ. ನಿರ್ಣಯವಾಗುವ ಮೊದಲೇ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕೂ, ಲೆಕ್ಕದ ಪುಸ್ತಕಗಳನ್ನು ನೋಡಿ ನಕಲು ಮಾಡಿಕೊಳ್ಳುವ ಹಕ್ಕೂ ಪ್ರತಿಯೊಬ್ಬ ಪಾಲುಗಾರನಿಗೆ ಉಂಟೆಂದು 12ನೆಯ ಕಲಮು ಸಾರುತ್ತದೆ. ಸರಕಾರವೂ ಹಳ್ಳಿಯೂ ಕೂಡಿ ಅಂಗಡಿಯಿಟ್ಟಿಲ್ಲ. ಈ ಕಾಯಿದೆ ಅವುಗಳಿಗೆ ಅನ್ವಯಿಸದೆಂಬುದನ್ನು ನಾವು ಬಲ್ಲೆವು. ಆದರೆ ಹುಬ್ಬಳ್ಳಿಯ ಪೇಟೆಯಲ್ಲಿ ಅರಳೆಯ ವ್ಯಾಪಾರ ಮಾಡುವ ಇಬ್ಬರು ವರ್ತಕರು ಪರಸ್ಪರ ತೋರಿಸಬೇಕಾದಷ್ಟು ಮರ್ಯಾದೆಯನ್ನಾದರೂ ಸರಕಾರವು ತಾನೇ ಪಾಲುಗಾರನೆಂದು ಕರೆದ ಹಳ್ಳಿಗೆ ತೋರಿಸಬೇಡವೇ? ಲೆಕ್ಕ, ಮಾತು, ಪಾಲು: ಈ ಮೂರು ಒರೆಗಲ್ಲುಗಳ ಮೇಲೆ ಖಾತೆಯ ಸಹಭಾಗಿತ್ವವನ್ನು ತಿಕ್ಕಿ ನೋಡೋಣ.

ಮೊದಲು ಹಿಂದಣ ಕಥೆಯನ್ನು ಸ್ವಲ್ಪ ನೆನೆಯಬೇಕು. 1897ರಲ್ಲಿ ಆಂಗ್ಲ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಪ್ಲೇಗಿನ ಹೆಸರಿನಲ್ಲಿ ಮುಂಬಯಿ ಪ್ರಾಂತದಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ಪುಣೆಯಲ್ಲಿ ಅದರ ಫಲವಾಗಿ ರ‍್ಯಾಂಡ್ ಸಾಹೇಬನ ಕೊಲೆಯಾಯಿತು. ಜನರು ರೋಗಿಗಳನ್ನು ಅಡಗಿಸಿಟ್ಟರು, ಹೆಣಗಳನ್ನು ಮುಚ್ಚಿಟ್ಟರು. ರೋಗವು ಇನ್ನಷ್ಟು ಹಬ್ಬಿತು. ಅದೇ ಪ್ರಾಂತದ ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಹಸ್ರಾರು ಜನರು ಹಾಫ್‌ಕಿನ್ ಪಂಡಿತನ ಲಸಿಕೆಯನ್ನು ಚುಚ್ಚಿಸಿಕೊಂಡರು. ಅಲ್ಲಿ ದಂಡವನ್ನು ಕಂಡು ಬಾಗಿಲು ಮುಚ್ಚಿದ ಜನ, ಇಲ್ಲಿ ನಂಬಿಕೆಯಿಂದ ತೋಳು ಚಾಚಿದ ಜನ. ಜನರ ಮನಸ್ಸನ್ನು ಗೆಲ್ಲದೆ ರೋಗವನ್ನು ಗೆಲ್ಲಲಾಗದೆಂಬ ಪಾಠವನ್ನು ನಮ್ಮ ನಾಡು ಆಗಲೇ ಕಲಿತಿತ್ತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ಈ ಪಾಠವನ್ನೇ ಬರೆದಿಟ್ಟಿತು. ಪ್ರತಿ ಹಳ್ಳಿಯಲ್ಲಿಯೂ ಐದರಿಂದ ಏಳು ಜನರ ಆರೋಗ್ಯ ಸಮಿತಿಯಿರಲಿ, ಜನರ ಸಹಕಾರವಿಲ್ಲದೆ ಈ ಕಾರ್ಯ ನಡೆಯದು ಎಂದಿತು. 1992ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಾಗಿ, ಹನ್ನೊಂದನೆಯ ಅನುಸೂಚಿಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ದವಾಖಾನೆಗಳು ಪಂಚಾಯತಿಗಳ ವಿಷಯಗಳೆಂದು ಬರೆಯಲ್ಪಟ್ಟವು. ಅಂದಮೇಲೆ ಆರೋಗ್ಯದ ವಿಷಯದಲ್ಲಿ ಪಂಚಾಯತಿಯು ಖಾತೆಯ ಮನೆಗೆ ಬಂದ ಅತಿಥಿಯಲ್ಲ. ಅದೂ ಮನೆಯ ಯಜಮಾನರಲ್ಲಿ ಒಬ್ಬನೇ. ಯಜಮಾನನನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ ತಾಂಬೂಲ ಕೊಟ್ಟು ಕಳುಹುವುದನ್ನು ಸಹಭಾಗಿತ್ವವೆನ್ನುವುದು ಹೇಗೆ?

ಈಗ ಮೊದಲನೆಯ ಒರೆಗಲ್ಲು: ಲೆಕ್ಕ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿಯನ್ನು ಗೊತ್ತುಪಡಿಸಿತು. ಸಾವಿರ ಜನರ ಹಳ್ಳಿಯಲ್ಲಿ ತಲೆಗೆ ವರ್ಷಕ್ಕೆ 10 ರೂಪಾಯಿ. ದಿನಕ್ಕೆ ಲೆಕ್ಕ ಹಾಕಿದರೆ ಇಡೀ ಹಳ್ಳಿಗೆ 27 ರೂಪಾಯಿ! ಗಟಾರವನ್ನು ತೆಗೆಸುವುದೂ, ಬಾಣಂತಿಯನ್ನು ದವಾಖಾನೆಗೆ ಸಾಗಿಸುವುದೂ ಇದರಲ್ಲಿಯೇ ಆಗಬೇಕು. ಹಣ ಸಣ್ಣದೆಂದು ನಾವು ಅಳುವುದಿಲ್ಲ. ಆ ಸಣ್ಣ ಹಣದ ಲೆಕ್ಕವಾದರೂ ಹಳ್ಳಿಗೆ ತಿಳಿಯುವುದೇ? ಇಂತಹ ಒಂದು ಸಭೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಭೆ ಆರಂಭವಾಗುವ ಮೊದಲೇ ನಡಾವಳಿಯ ಪುಸ್ತಕದಲ್ಲಿ ನಿರ್ಣಯಗಳು ಬರೆಯಲ್ಪಟ್ಟಿದ್ದವು. ಪುಸ್ತಕವು ಕೈಯಿಂದ ಕೈಗೆ ಸಾಗಿತು, ಸದಸ್ಯರು ರುಜು ಹಾಕಿದರು, ಚಹ ಬಂದಿತು, ಸಭೆ ಮುಗಿಯಿತು. ಒಬ್ಬ ಮುದುಕಿ ಮಾತ್ರ "ಈ ರೊಕ್ಕ ಯಾತಕ್ಕ ಖರ್ಚಾತ್ರಿ?" ಎಂದು ಕೇಳಿದಳು. ಅವಳಿಗೆ ಯಾರೂ ಉತ್ತರ ಕೊಡಲಿಲ್ಲ. ಆ ಊರಿನ ಹೆಸರು ಇಲ್ಲಿ ಬೇಡ. ಇದು ತಮ್ಮ ಊರಿನ ಮಾತೇ ಎಂದು ಎಷ್ಟೋ ವಾಚಕರಿಗೆ ಅನ್ನಿಸುವುದೆಂದು ನಾವು ಬಲ್ಲೆವು.

ಎರಡನೆಯದು ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಒಡನೆಯೇ ಮನುಷ್ಯರಿಗೂ ಜ್ವರ ಬಂದಿತು. ಪಂಡಿತರು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯೆಂದು ಹೆಸರಿಟ್ಟರು. ಜನರು ಅದನ್ನು ಮಂಗನ ಕಾಯಿಲೆಯೆಂದರು. ಹೆಸರಿನಲ್ಲಿಯೇ ಜನರ ಜ್ಞಾನವಡಗಿದೆ. ಮಂಗ ಸತ್ತಿತೆಂದರೆ ಆ ಕಾಡಿನ ಉಣುಗಿನಲ್ಲಿ ವಿಷವಿದೆಯೆಂದು ಅರ್ಥ. ಸತ್ತ ಮಂಗವನ್ನು ಮೊದಲು ಕಾಣುವವನು ಪ್ರಯೋಗಾಲಯದ ಪಂಡಿತನಲ್ಲ, ಸೊಪ್ಪಿಗೆ ಹೋದ ಕೂಲಿಯವನು, ದನ ಕಾಯುವ ಹುಡುಗ. ಈ ರೋಗಕ್ಕೆ ಗಂಟೆ ಬಾರಿಸುವವರು ಹಳ್ಳಿಯವರೇ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ರೋಗವು ಎದ್ದು ಪ್ರಾಣಗಳನ್ನು ತೆಗೆದುಕೊಂಡಾಗ ನಾಡೆಲ್ಲ ಆ ಊರಿನ ಹೆಸರನ್ನು ಕೇಳಿತು. ಕಾಡಂಚಿನ ಜನರ ಮಾತಿಗೆ ಕಿವಿಗೊಡುವುದು ಅವರ ಮೇಲಿನ ಉಪಕಾರವಲ್ಲ. ಅದು ರೋಗನಿವಾರಣೆಯ ಮೊದಲನೆಯ ಹೆಜ್ಜೆ. ಆದರೆ ಹಳ್ಳಿಯವನ ಮಾತಿಗೆ ಇಂದು ಇರುವ ಸ್ಥಾನವೇನು? ಅವನು ಸುದ್ದಿಯನ್ನು ಕೊಡಬಹುದು. ನಿರ್ಣಯದಲ್ಲಿ ಬಾಯಿ ಹಾಕಕೂಡದು. 2007ರಿಂದ 2009ರ ವರೆಗೆ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ, ಜನರೇ ದವಾಖಾನೆಯ ಸೇವೆಯನ್ನು ಅಳೆದು ಗುಣಾಂಕ ಕೊಡುವ ಪ್ರಯೋಗ ನಡೆಯಿತು. ಶಾಲೆಯ ಹುಡುಗನಿಗೆ ಪ್ರತಿ ವರ್ಷವೂ ಪರೀಕ್ಷೆ. ದವಾಖಾನೆಗೆ ಮಾತ್ರ ಅದು ಒಂದು ಕಾಲದ ಪ್ರಯೋಗವಾಗಿ ಉಳಿಯಬೇಕೇ?

ಮೂರನೆಯದು ಪಾಲು. ಇಲ್ಲಿ ನಮ್ಮ ಲೇಖನಿ ಕಟುವಾಗದೆ ಇರಲಾರದು. ಸಾವಿರ ಜನರಿಗೊಬ್ಬಳಂತೆ ಊರಿನ ಹೆಣ್ಣುಮಗಳನ್ನೇ ಆರಿಸಿ, 'ಆಶಾ' ಎಂಬ ಇಂಪಾದ ಹೆಸರನ್ನಿಟ್ಟು, ಗರ್ಭಿಣಿಯ ಮನೆಗೆ, ಕ್ಷಯರೋಗಿಯ ಮನೆಗೆ, ಲಸಿಕೆಯ ಕೂಸಿನ ಮನೆಗೆ ಆಕೆಯನ್ನು ಕಳುಹುತ್ತಾರೆ. ಕರ್ನಾಟಕದಲ್ಲಿ ಇಂತಹವರು 40,000ಕ್ಕೂ ಹೆಚ್ಚು. 2020ರ ಕೊರೋನಾದ ಕಾಲದಲ್ಲಿ ಪಟ್ಟಣದ ನಾವು ಬಾಗಿಲು ಹಾಕಿ ಕುಳಿತಿದ್ದಾಗ ಬಾಗಿಲು ಬಾಗಿಲಿಗೆ ಹೋದವರು ಇವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಆದರೆ ವೇತನ ಕೇಳಿದೊಡನೆ ಸರಕಾರವು ಹೇಳುವುದೇನು? ನೀವು ನೌಕರರಲ್ಲ, ಸ್ವಯಂಸೇವಕಿಯರು. ನಿಮಗೆ ಸಲ್ಲುವುದು ಸಂಬಳವಲ್ಲ, ಗೌರವಧನ!

ಸ್ವಯಂಸೇವಕ! ಈ ಪದದ ಬೆಲೆಯನ್ನು ನಾವು ಬಲ್ಲೆವು. ಖಾದಿಯ ಟೋಪಿಯಿಟ್ಟು ಲಾಠಿಯ ಏಟು ತಿಂದವರು, ಸೆರೆಮನೆಯ ರೊಟ್ಟಿಯನ್ನುಂಡವರು ಸ್ವಯಂಸೇವಕರು. ಅವರು ಯಾರ ಆಜ್ಞೆಗೂ ಒಳಪಡದೆ ತಮ್ಮ ಮನಸ್ಸಿನಿಂದ ಬಂದವರು. ಮೇಲಿನವರ ಆಜ್ಞೆಗೆ ಕಾಯುವ, ವರದಿಯನ್ನು ಒಪ್ಪಿಸುವ, ತಪ್ಪಿದರೆ ಬೈಸಿಕೊಳ್ಳುವ ಕೆಲಸಕ್ಕೆ ಆ ಪವಿತ್ರವಾದ ಹೆಸರನ್ನು ಹಚ್ಚಿ ಕೂಲಿಯನ್ನು ಉಳಿಸಿಕೊಳ್ಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಒಂದು ಹೆಸರಿದೆ. ಅದು ಬಿಟ್ಟಿ. ಸಾಹೇಬರ ಸಾಮಾನು ಹೊರಲು ಹಳ್ಳಿಗರನ್ನು ಹಿಡಿಯುತ್ತಿದ್ದ ಬಿಟ್ಟಿಯ ವಿರುದ್ಧ ಹೋರಾಡಿದ ನಾಡು, ಅದೇ ಬಿಟ್ಟಿಗೆ ಸೀರೆಯುಡಿಸಿ ನಮಸ್ಕರಿಸಬೇಕೇ?

2025ರ ಜನವರಿಯಲ್ಲಿ ಈ ತಾಯಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತರು. ಆ ಉದ್ಯಾನವು ಹಿಂದಣ ಸೆರೆಮನೆಯ ನೆಲವೆಂಬುದನ್ನು ನಮ್ಮ ವಾಚಕರು ಮರೆಯಲಾಗದು. ನಾಲ್ಕು ದಿನಗಳಾದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವುದೆಂದು ಸರಕಾರವು ಮಾತು ಕೊಟ್ಟಿತು. ವಿಮೆಯ ಯೋಜನೆಗಳಲ್ಲಿ ಖಾಸಗಿ ಆಸ್ಪತ್ರೆಗಳೂ ಸರಕಾರದ ಪಾಲುಗಾರರೇ. ಆದರೆ ಅವರಿಗೆ ಬರೆದ ಕರಾರುಂಟು, ಒಂದೊಂದು ಶಸ್ತ್ರಚಿಕಿತ್ಸೆಗೂ ಗೊತ್ತುಮಾಡಿದ ದರವುಂಟು. ದೊಡ್ಡ ಪಾಲುಗಾರನಿಗೆ ಕರಾರುಪತ್ರ, ಬಡ ಪಾಲುಗಾರ್ತಿಗೆ ಬಾಯಿಮಾತು: ಇದೆಂತಹ ನ್ಯಾಯ?

ಖಾತೆಯ ಮಿತ್ರರು ನಮಗೆ ಎರಡು ಆಕ್ಷೇಪಗಳನ್ನು ಹೇಳುವರು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಹಣ ಕೊಟ್ಟರೆ ಪಕ್ಷಪ್ರತಿಪಕ್ಷಗಳಲ್ಲಿ ಹಾಳಾದೀತು ಎಂಬುದು ಮೊದಲನೆಯದು. ನಮಗೆ ಸ್ವರಾಜ್ಯ ಕೊಡಬಾರದೆಂಬುದಕ್ಕೆ ಆಂಗ್ಲರು ಹೇಳುತ್ತಿದ್ದ ಮಾತೂ ಇದೇ ಆಗಿದ್ದಿತು. ಆಗ ಅದನ್ನು ನಾವು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಭ್ರಷ್ಟಾಚಾರವು ಹಳ್ಳಿಯ ಸ್ವತ್ತೂ ಅಲ್ಲ, ಡಾ. ಸುದರ್ಶನರ ನೇತೃತ್ವದ ಕಾರ್ಯಪಡೆಯು 2001ರಲ್ಲಿಯೇ ಆರೋಗ್ಯ ಖಾತೆಯ ಮುಖ್ಯ ರೋಗಗಳಲ್ಲಿ ಅದನ್ನೂ ಎಣಿಸಿತ್ತು. ಸೇವಾಸಂಸ್ಥೆಗಳಿಗೆ ದವಾಖಾನೆಗಳನ್ನು ವಹಿಸಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ನಿಜ, 1996ರಲ್ಲಿ ಯಳಂದೂರು ತಾಲೂಕಿನ ಗುಂಬಳ್ಳಿಯ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟಿಗೆ ಒಪ್ಪಿಸಲಾಯಿತು. ಅಂತಹ ಸಜ್ಜನರ ಸೇವೆಗೆ ನಾವು ಕೈಮುಗಿಯುತ್ತೇವೆ. ಆದರೆ ಸಂಸ್ಥೆಯೊಡನೆ ಮಾಡಿದ ಕರಾರು ಹಳ್ಳಿಯೊಡನೆ ಮಾಡಿದ ಕರಾರಲ್ಲ. ಸಜ್ಜನರು ಎಲ್ಲ ಊರಿನಲ್ಲಿಯೂ ಹುಟ್ಟುವುದಿಲ್ಲ. ಗ್ರಾಮಸಭೆ ಮಾತ್ರ ಎಲ್ಲ ಊರಿನಲ್ಲಿಯೂ ಇದೆ.

ಏಕೀಕರಣದ ಪಕ್ಷವನ್ನು ಹಿಡಿದ ನಮಗೆ ಈ ವಿಷಯವು ಇನ್ನೊಂದು ಕಾರಣದಿಂದ ಹೃದಯಕ್ಕೆ ತಾಗುತ್ತದೆ. 1956ರ ನವೆಂಬರ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗುಗಳಲ್ಲಿ ಹರಿದು ಹಂಚಿಹೋದ ಕನ್ನಡಿಗರು ಒಂದಾದರು. ಅದಕ್ಕೆ ಮೊದಲು ಮೈಸೂರಿನ ಸೊರಬಕ್ಕೂ ಮುಂಬಯಿ ಪ್ರಾಂತದ ಸಿದ್ದಾಪುರಕ್ಕೂ ನಡುವೆ ಸರಕಾರದ ಗಡಿಯಿದ್ದಿತು. ಕಾಡಿಗೂ ಮಂಗಕ್ಕೂ ಅದು ಇರಲಿಲ್ಲ. ಗಡಿ ಅಳಿಯಿತು. ಆದರೆ 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿದ 39ರಲ್ಲಿ 21 ತಾಲೂಕುಗಳು ಗುಲಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. ನಕಾಶೆಯಲ್ಲಿ ಒಂದಾದ ನಾಡು ಬಾಣಂತಿಯ ಕೋಣೆಯಲ್ಲಿಯೂ ಒಂದಾಗಬೇಡವೇ? ಒಂದು ಹಳ್ಳಿಯ ದವಾಖಾನೆ ಹೇಗೆ ನಡೆಯಬೇಕೆಂಬುದನ್ನು ದೂರದ ಬೆಂಗಳೂರಿನ ಕಚೇರಿಯೊಂದೇ ಗೊತ್ತುಮಾಡುವುದಾದರೆ, ಆ ಹಳ್ಳಿಗೆ ಬಂದ ಏಕೀಕರಣವು ಅರ್ಧವೇ ಸರಿ.

ನಮ್ಮ ಬೇಡಿಕೆಗಳು ಮೂರೇ. ಆರೋಗ್ಯ ಸಮಿತಿಯ ಜಮೆಖರ್ಚನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಪಂಚಾಯತಿಯ ಗೋಡೆಗೆ ಹಚ್ಚಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದು. ದವಾಖಾನೆಯ ವೇಳೆ, ಔಷಧ, ಸಿಬ್ಬಂದಿಗಳ ಬಗೆಗೆ ಗ್ರಾಮಸಭೆ ಮಾಡಿದ ನಿರ್ಣಯಕ್ಕೆ ಖಾತೆಯು ಗೊತ್ತಾದ ದಿನಗಳೊಳಗೆ ಬರಹದಲ್ಲಿ ಉತ್ತರ ಕೊಡತಕ್ಕದ್ದು. ಆಶಾ ಕಾರ್ಯಕರ್ತೆಗೆ ಬರೆದ ಕರಾರನ್ನೂ ಕನಿಷ್ಠ ಕೂಲಿಯ ರಕ್ಷಣೆಯನ್ನೂ ಒದಗಿಸತಕ್ಕದ್ದು.

ಕೊನೆಯದಾಗಿ ನಮ್ಮ ವಾಚಕರಿಗೇ ಒಂದು ಮಾತು. ಈ ಸಮಿತಿಗಳಲ್ಲಿ ಓದದೆ ರುಜು ಹಾಕುವವರು ಅಕ್ಷರ ಬಾರದ ಹಳ್ಳಿಗರಷ್ಟೇ ಅಲ್ಲ; ಓದುಬಲ್ಲ ಮಾಸ್ತರರು, ಪೇಟೆಯ ಸದ್ಗೃಹಸ್ಥರು ಸಹ ಅಲ್ಲಿ ರುಜು ಹಾಕುತ್ತಾರೆ. ಸರಕಾರದ ತಪ್ಪಿಗೆ ನಮ್ಮ ಸೋಮಾರಿತನವೂ ಸಾಕ್ಷಿ ಹಾಕಿದೆ. ಮುಂದಿನ ಸಭೆಗೆ ಹೋಗಿರಿ. ಪುಸ್ತಕವನ್ನು ತೆರೆಯಿಸಿ ಓದಿರಿ. ಆ ಮುದುಕಿಯ ಪ್ರಶ್ನೆಯನ್ನು ನೀವೂ ಕೇಳಿರಿ. ಉತ್ತರ ಬರುವ ವರೆಗೆ ರುಜು ಹಾಕಬೇಡಿರಿ.